ಕೊನೆ ಎಲ್ಲರಿಗೂ ಗೊತ್ತಿರುವ ಕ್ರಾಂತಿಯ ಕಾದಂಬರಿಯಲ್ಲಿ ಕುತೂಹಲ ಉಳಿಸಿಕೊಳ್ಳೋದು ಹೇಗೆ?

ಫ್ರೆಂಚ್ ಕ್ರಾಂತಿಯ ಮೇಲೆ ಕಾದಂಬರಿ ಬರೆಯುತ್ತಿದ್ದೀರಿ. ಯಾರ ತಲೆ ಹೋಗುತ್ತದೆ ಅನ್ನೋದು ಓದುಗರಿಗೆ ಮೊದಲೇ ಗೊತ್ತು, ಮತ್ತೆ ಪುಟ ಯಾಕೆ ತಿರುಗಿಸ್ತಾರೆ ಅಂತ ಕೇಳಿದ್ದೀರಿ. ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ನನ್ನ ಮೊದಲ ಕರಡಿನಲ್ಲಿ 1789ರ ಜುಲೈನಲ್ಲೇ ಒಬ್ಬ ಬ್ರೆಡ್ ಮಾರುವವನು 'ಇನ್ನು ರಾಜನ ಕಥೆ ಮುಗೀತು' ಅಂತಿದ್ದ. ಅವನಿಗೆ ಹೇಗೆ ಗೊತ್ತು? ನನಗೆ ಗೊತ್ತಿತ್ತು, ಅವನ ಬಾಯಿಗೆ ತುರುಕಿದ್ದೆ. ಅರವತ್ತು ಪುಟ ಹರಿದು ಹಾಕಿದೆ.

ಓದುಗರಿಗೆ ಗೊತ್ತಿದ್ದರೆ ತೊಂದರೆಯಿಲ್ಲ. ಪಾತ್ರಕ್ಕೆ ಗೊತ್ತಿರಬಾರದು, ಅಷ್ಟೇ.

ಕಮೀಲ್ ದೆಮುಲಾಂನನ್ನೇ ತಗೊಳ್ಳಿ. 1789ರ ಜುಲೈ 12, ಭಾನುವಾರ. ಜನ ನಂಬಿದ್ದ ಮಂತ್ರಿ ನೆಕರ್‌ನನ್ನು ರಾಜ ಕಿತ್ತುಹಾಕಿದ ಸುದ್ದಿ ಪ್ಯಾರಿಸ್‌ಗೆ ಬಂತು. ಕಮೀಲ್‌ಗೆ ಆಗ 29 ವರ್ಷ. ವಕೀಲ, ಆದರೆ ಕೇಸುಗಳೇ ಇಲ್ಲ. ಮಾತಾಡಿದರೆ ಉಗ್ಗು. ಅಂಥವನು ಪ್ಯಾಲೆ ರೊಯಾಲ್ ತೋಟದಲ್ಲಿ ಮೇಜು ಹತ್ತಿ, ಆಯುಧ ಹಿಡೀರಿ ಅಂತ ಕೂಗಿದ. ಗುರುತಿಗೆ ಹಸಿರು ಅಂದಾಗ ಜನ ಮರದ ಎಲೆ ಕಿತ್ತು ಸಿಕ್ಕಿಸಿಕೊಂಡರು. ಆಮೇಲೆ ನೋಡಿದರೆ ಹಸಿರು ರಾಜನ ತಮ್ಮನ ಕಡೆಯವರ ಬಣ್ಣ! ಸುಮ್ನೆ ಹಸಿರನ್ನೇ ಬಿಟ್ಟುಬಿಟ್ಟರು. ನನ್ನ ಕೇಳಿದರೆ ಎರಡು ದಿನ ಬಿಟ್ಟು ಜನ ನುಗ್ಗಿ ಹಿಡಿದ ಬ್ಯಾಸ್ಟೀಲ್ ಕೋಟೆಗಿಂತ ಈ ಎಲೆಯೇ ಕಾದಂಬರಿಗೆ ಜಾಸ್ತಿ ಉಪಯೋಗ. ಮುಂದೇನು ಅಂತ ಗೊತ್ತಿಲ್ಲದವರು ಮಾತ್ರ ಹಾಗೆ ಅವಸರದಲ್ಲಿ ಮರಕ್ಕೆ ಕೈ ಹಾಕುತ್ತಾರೆ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. 1790ರ ಡಿಸೆಂಬರ್ 29ಕ್ಕೆ ಕಮೀಲ್ ಮತ್ತು ಲೂಸಿಲ್ ಮದುವೆ. ಸಾಕ್ಷಿಗಳಲ್ಲಿ ಒಬ್ಬ ರೋಬೆಸ್ಪಿಯರ್, ಕ್ರಾಂತಿಯ ದೊಡ್ಡ ನಾಯಕರಲ್ಲೊಬ್ಬ. ಕಮೀಲ್ ಜೊತೆ ಒಂದೇ ಶಾಲೆಯಲ್ಲಿ ಓದಿದವನು. 1794ರ ಮಾರ್ಚ್ 30ರಂದು ಕಮೀಲ್‌ನನ್ನು ಬಂಧಿಸುವ ಆದೇಶದಲ್ಲೂ ಅದೇ ರೋಬೆಸ್ಪಿಯರ್‌ನ ಸಹಿ. ನಡುವೆ ಮೂರು ವರ್ಷ ಮೂರು ತಿಂಗಳು. ನಿಮ್ಮ ಕಾದಂಬರಿ ಈ ಎರಡು ಸಹಿಗಳ ನಡುವೆಯೇ ಇದೆ ಅಲ್ವಾ? ಆದರೆ ಮದುವೆಯ ದೃಶ್ಯ ಬರೆಯುವಾಗ ಎರಡನೇ ಸಹಿಯನ್ನು ಮರೆತುಬಿಡಿ. ರೋಬೆಸ್ಪಿಯರ್‌ನ ಮುಖದ ಮೇಲೆ ನೆರಳು ಗಿರಳು ಬೀಳಿಸಬೇಡಿ. ಅವನು ಗೆಳೆಯನ ಮದುವೆಗೆ ಬಂದಿದ್ದಾನೆ, ಖುಷಿಯಾಗಿದ್ದಾನೆ. ಓದುಗರ ಎದೆ ತಾನಾಗಿ ಹೊಡೆದುಕೊಳ್ಳುತ್ತದೆ.

ಭಾಷಣಗಳಿಗೆ ಜಾಸ್ತಿ ಜಾಗ ಕೊಡಬೇಡಿ, ಅವು ಇತಿಹಾಸದ ಪುಸ್ತಕದಲ್ಲಿ ಸಿಗುತ್ತವೆ. ಮನೆಯೊಳಗೆ ಹೋಗಿ. ಅರಮನೆಗೆ ಜನ ನುಗ್ಗಿದ್ದು 1792ರ ಆಗಸ್ಟ್ 10ರಂದು. ಅದರ ಹಿಂದಿನ ರಾತ್ರಿ ಹೇಗಿತ್ತು ಅಂತ ಲೂಸಿಲ್ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಗಂಡ ಬಂದೂಕು ಹಿಡಿದು ಬಂದದ್ದು ನೋಡಿ, ಮೂಲೆಗೆ ಹೋಗಿ ಮುಖ ಮುಚ್ಚಿಕೊಂಡು ಅತ್ತಳಂತೆ. ಆಮೇಲೆ ಊರಿನ ಗಂಟೆಗಳು ಬಡಿಯತೊಡಗಿದವು. ಅವಳಿಗೆ ಅದು 'ಇತಿಹಾಸದ ತಿರುವು' ಅಲ್ಲ. ಬೆಳಗಾಗುವಷ್ಟರಲ್ಲಿ ಗಂಡ ಇರ್ತಾನಾ ಅನ್ನೋ ಭಯ.

ಇದ್ದ. ಆ ಸಲ ಉಳಿದುಕೊಂಡ. 1794ರ ಏಪ್ರಿಲ್ 5ಕ್ಕೆ ಕಮೀಲ್, ಎಂಟು ದಿನ ಬಿಟ್ಟು ಲೂಸಿಲ್, ಅದೇ ಜುಲೈ 28ಕ್ಕೆ ರೋಬೆಸ್ಪಿಯರ್. ಮೂವರೂ ತಲೆ ಕತ್ತರಿಸುವ ಯಂತ್ರ ಗಿಲಟೀನಿಗೆ. ಕಮೀಲ್-ಲೂಸಿಲ್ ದಂಪತಿಯ ಮಗ ಒರಾಸ್‌ಗೆ ಆ ಜುಲೈನಲ್ಲಿ ಎರಡು ವರ್ಷ ತುಂಬಿತ್ತಷ್ಟೆ. ಈ ತಾರೀಖುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡ್ರಾಯರ್ ಒಳಗಿಡಿ. ಬರೆಯಲು ಕೂತಾಗ ಮಾತ್ರ ಅದನ್ನು ತೆಗೆಯಬೇಡಿ.