ಎಚ್‌ಒ ಸೆಟ್ಟೂ ಬೇಡ, ಎನ್ ಸೆಟ್ಟೂ ಬೇಡ. ಮೊದಲು ಹಳಿಯ ಅಗಲ ನೋಡಿ

ಶಿವಮೊಗ್ಗ–ತಾಳಗುಪ್ಪ ಲೈನಿನ ಹಳೇ ಮೀಟರ್ ಗೇಜ್ ರೈಲನ್ನು ಸ್ಕೇಲಿಗೆ ಸರಿಯಾಗಿ ಮನೆಯಲ್ಲಿ ಪುಟ್ಟ ಮಾದರಿಯಾಗಿ ಮಾಡಬೇಕು, ಎಚ್‌ಒ ಸ್ಟಾರ್ಟರ್ ಸೆಟ್ ಕೊಳ್ಳಲಾ, ಎನ್ ಸೆಟ್ ಕೊಳ್ಳಲಾ ಅಂತ ಕೇಳಿದ್ದೀರಿ. ಎಚ್‌ಒ, ಎನ್ ಅಂದರೆ ಮಾದರಿ ರೈಲಿನ ಎರಡು ಅಳತೆಗಳು; ಸೆಟ್ ಅಂದರೆ ಎಂಜಿನ್, ಡಬ್ಬಿ, ಹಳಿ ಒಟ್ಟಿಗೆ ಬರುವ ಪೆಟ್ಟಿಗೆ. ಎರಡೂ ಕೊಳ್ಳಬೇಡಿ. ನಾನು ಇದೇ ಲೈನಿಗೆ ಎಚ್‌ಒ ಪೆಟ್ಟಿಗೆ ತಂದವನು. ಆ ಹಳಿಯನ್ನು ಕೊನೆಗೆ ಉಳಿಯಿಂದ ಎಬ್ಬಿಸಿ ತೆಗೆಯಬೇಕಾಯಿತು.

ನನಗೆ ಬೇಕಾಗಿದ್ದು ಆನಂದಪುರ. ಕುಂಸಿ, ಅರಸಾಳು ದಾಟಿ ಕಾಡಿನೊಳಗಿಂದ ಬಂದ ರೈಲು ಅಲ್ಲಿ ನಿಲ್ಲುತ್ತಿತ್ತು. ಅಜ್ಜಿ ಮನೆಗೆ ಹೋಗಲು ನಾವು ಇಳಿಯುತ್ತಿದ್ದುದು ಅಲ್ಲೇ. ಈಗ ಆ ಲೈನು ಬ್ರಾಡ್ ಗೇಜ್ ಆಗಿದೆ. ಹಳೇ ಹಳಿ ಇಲ್ಲ, ಆಮೇಲೆ ಓಡಾಡಿದ ರೈಲ್ ಬಸ್ಸೂ ಇಲ್ಲ. ಹಾಗಾಗಿ ಮಾಡಿದರೆ ಅಚ್ಚುಕಟ್ಟಾಗಿ ಮಾಡಬೇಕು, ನೋಡಿದವರು ಇದು ನಮ್ಮ ಲೈನು ಅನ್ನಬೇಕು ಅಂತ ಹಟ ಇತ್ತು. ಪೆಟ್ಟಿಗೆಯ ಮೇಲೆ 1:87 ಅಂತ ಬರೆದಿತ್ತು. ರೈಲಿನ ಡಬ್ಬಿಯನ್ನು 1:87ರಲ್ಲಿ ಮಾಡುತ್ತೇನೆ, ಸ್ಟೇಷನ್ನನ್ನೂ 1:87ರಲ್ಲಿ ಮಾಡುತ್ತೇನೆ, ಹಳಿಯೂ 1:87, ಎಲ್ಲ ಒಂದಕ್ಕೊಂದು ಹೊಂದುತ್ತದೆ ಅಂದುಕೊಂಡೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸೆಟ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಸ್ಕೇಲ್ ಬೇರೆ, ಗೇಜ್ ಬೇರೆ. ನಿಜವಾದ ವಸ್ತುವನ್ನು ಎಷ್ಟು ಪಾಲು ಚಿಕ್ಕದು ಮಾಡಿದ್ದೀರಿ ಅನ್ನುವುದು ಸ್ಕೇಲ್. ಎರಡು ಹಳಿಗಳ ಒಳಬದಿಯ ನಡುವಿನ ಅಂತರ ಗೇಜ್. ಎಚ್‌ಒ ಹಳಿಯ ಗೇಜ್ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿ, 1435 ಮಿ.ಮೀ. ಬರುತ್ತದೆ. ಅದು ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜ್. ನಮ್ಮ ಕಡೆ ಆ ಅಳತೆ ಇರುವುದು ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ. ಅಂದರೆ ನಾನು ತಂದ ಹಳಿ ಮೆಟ್ರೋಗೆ ಕರಾರುವಾಕ್ಕಾಗಿ ಸರಿ. ಆನಂದಪುರಕ್ಕೆ ಅಲ್ಲ. ಮೀಟರ್ ಗೇಜ್ ಅಂದರೆ 1000 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 11.5. ನಮ್ಮ ಲೈನಿಗೆ ಬೇಕಾಗಿದ್ದು ಹನ್ನೊಂದೂವರೆ ಮಿಲಿಮೀಟರ್, ನಾನು ಹಾಸಿದ್ದು ಹದಿನಾರೂವರೆ.

ಐದು ಮಿಲಿಮೀಟರ್ ತಾನೇ ಅಂತ ಅನ್ನಿಸಬಹುದು. ಡಬ್ಬಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಮೀಟರ್ ಗೇಜ್ ಡಬ್ಬಿಯ ಅಗಲ ಸುಮಾರು 2.74 ಮೀಟರ್, 1:87ರಲ್ಲಿ 31.5 ಮಿ.ಮೀ. ಸರಿಯಾದ ಹಳಿಯ ಮೇಲೆ ಇಟ್ಟರೆ ಡಬ್ಬಿ ಎರಡೂ ಕಡೆ ಹತ್ತತ್ತು ಮಿಲಿಮೀಟರ್ ಹೊರಗೆ ಚಾಚುತ್ತದೆ. ನನ್ನ ಹಳಿಯ ಮೇಲೆ ಚಾಚಿದ್ದು ಏಳೂವರೆ. ಮೀಟರ್ ಗೇಜ್ ರೈಲಿನ ಚೆಂದ ಇರುವುದೇ ಆ ಚಾಚಿನಲ್ಲಿ. ಕೆಳಗೆ ಸಣ್ಣ ಹಳಿ, ಮೇಲೆ ದೊಡ್ಡ ಡಬ್ಬಿ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ನಡೆದ ಹಾಗೆ ತೂಗುತ್ತಾ ಬರುತ್ತಿತ್ತು. ಹಳಿ ಅಗಲ ಆದರೆ ಆ ತೂಗು ಕಾಣುವುದಿಲ್ಲ. ರೈಲು ಗಟ್ಟಿಯಾಗಿ ಕಾಲೂರಿ ನಿಂತುಬಿಡುತ್ತದೆ.

ಇದನ್ನು ನಾನಾಗಿ ಕಂಡುಹಿಡಿಯಲಿಲ್ಲ. ಹಳಿ ಅಂಟಿಸಿ, ಜಲ್ಲಿ ಹಾಕಿ, ಪ್ಲಾಟ್‌ಫಾರ್ಮ್ ಕಟ್ಟಿ, ಸ್ಟೇಷನ್ನಿಗೆ ಹೆಂಚು ಹೊದಿಸಿ ಮುಗಿಸಿದ್ದೆ. ಆ ಲೈನಿನಲ್ಲೇ ಕೀಮ್ಯಾನ್ ಆಗಿದ್ದ ಹಿರಿಯರೊಬ್ಬರನ್ನು ನೋಡಲು ಕರೆದೆ. ದಿನಾ ಹಳಿ ಪಕ್ಕದಲ್ಲೇ ನಡೆದು ಕೀಲಿ ಬಡಿಯುತ್ತಿದ್ದವರು. ಅವರು ಕಟ್ಟಡವನ್ನು ಮೆಚ್ಚಿದರು. ಆಮೇಲೆ ಬಗ್ಗಿ ಹಳಿಗಳ ಮಧ್ಯೆ ಕಿರುಬೆರಳು ಇಟ್ಟರು. ಬೆರಳು ಆರಾಮಾಗಿ ಒಳಗೆ ಕೂತಿತು, ಅಕ್ಕಪಕ್ಕ ಜಾಗ ಉಳಿಯಿತು. "ಸ್ಟೇಷನ್ ನಮ್ದೇ. ಲೈನ್ ನಮ್ದಲ್ಲ. ಇಷ್ಟು ಅಗಲ ಇರ್ಲಿಲ್ಲ" ಅಂದರು. ನಾನು ಅಳತೆಪಟ್ಟಿ ಹಿಡಿದು ಅಳೆದದ್ದು ಅದಾದ ಮೇಲೆ.

ಕೊಳ್ಳುವ ಮೊದಲು ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು. ನಾನು ಡಬ್ಬಿಯ ಕಿಟಕಿಯನ್ನೂ ಭಾಗಿಸಿದ್ದೆ, ಪ್ಲಾಟ್‌ಫಾರ್ಮ್ ಎತ್ತರವನ್ನೂ ಭಾಗಿಸಿದ್ದೆ. ಹಳಿಯನ್ನು ಮಾತ್ರ ಭಾಗಿಸಲಿಲ್ಲ, ಯಾಕೆಂದರೆ ಅದು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂದಿತ್ತು. ಇನ್ನೂ ಒಂದು ವಿಷಯ ಸೇರಿತು. ಮಲೆನಾಡಿನ ಮಳೆಗೆ ಬಿಟ್ಟುಕೊಳ್ಳಬಾರದು ಅಂತ ವಾಟರ್‌ಪ್ರೂಫ್ ಅಂಟು ಹಾಕಿದ್ದೆ. ಸಾಧಾರಣ ಬಿಳಿ ಗೋಂದು ಆಗಿದ್ದರೆ ಬೆಚ್ಚನೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಹಳಿ ಎತ್ತಬಹುದು. ಇದು ಮೆತ್ತಗಾಗಲಿಲ್ಲ. ಉಳಿ ಹಾಕಿ ಎಬ್ಬಿಸಿದರೆ ಸ್ಲೀಪರ್‌ಗಳು, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ಪ್ಲೈವುಡ್ಡಿನ ಮೇಲ್ಪದರವನ್ನೂ ಕಿತ್ತುಕೊಂಡು ಬಂದವು. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳ ನಾಲಿಗೆ ಸೊಟ್ಟಗಾಯಿತು. ಎಲ್ಲಕ್ಕಿಂತ ದುಬಾರಿ ಸಾಮಾನು ಅವೇ. ಹಲಗೆಯೂ ಹೋಯಿತು, ಹಳಿಯೂ ಹೋಯಿತು, ಅದರ ಮೇಲೆ ಓಡುವ ಎಂಜಿನ್ನೂ ಉಪಯೋಗಕ್ಕೆ ಬರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಚ್‌ಒ ಒಳ್ಳೆಯದಾ ಎನ್ ಒಳ್ಳೆಯದಾ ಅನ್ನುವುದು ಯಾವುದೋ ಒಂದು ರೈಲು ಸುತ್ತು ಹೊಡೆದರೆ ಸಾಕು ಅನ್ನುವವರ ಪ್ರಶ್ನೆ. ನಿಮಗೆ ಬೇಕಾಗಿರುವುದು ಒಂದು ನಿರ್ದಿಷ್ಟ ಲೈನು. ಎನ್ ಸೆಟ್ಟಿನ ಹಳಿ 9 ಮಿ.ಮೀ. ಮೀಟರ್ ಗೇಜನ್ನು ಅದರ ಮೇಲೆ ಕೂರಿಸಬೇಕಾದರೆ ಸ್ಕೇಲ್ 1:111 ಆಗುತ್ತದೆ. ಸೆಟ್ಟಿನ ಜೊತೆ ಬರುವ ಡಬ್ಬಿ, ಮನೆ, ಮನುಷ್ಯರು 1:160. ಯಾವುದೂ ಹೊಂದುವುದಿಲ್ಲ. ಎಚ್‌ಒ ಹಳಿಗೆ ಹೊಂದಿಸಬೇಕಾದರೆ 1:60ರಲ್ಲಿ ಎಲ್ಲವನ್ನೂ ನೀವೇ ಮಾಡಬೇಕು. ಈಗಿನ ಬ್ರಾಡ್ ಗೇಜ್ ರೈಲು ಮಾಡುತ್ತೇನೆ ಅಂದರೂ ಪೂರ್ತಿ ಸರಿ ಬರುವುದಿಲ್ಲ. 1676 ಮಿ.ಮೀ. ಅಂದರೆ 1:87ರಲ್ಲಿ 19.3. ಬ್ರಾಡ್ ಗೇಜ್ ಮಾಡುವ ಎಷ್ಟೋ ಜನ 16.5ರಲ್ಲೇ ಹೊಂದಿಸಿಕೊಂಡು ಓಡಿಸುತ್ತಾರೆ. ಅವರಿಗೆ ಅದು ಸರಿ ಇರಬಹುದು. ನೀವು "ಸ್ಕೇಲಿಗೆ ಸರಿಯಾಗಿ" ಅಂತ ಬರೆದಿದ್ದೀರಿ, ಹಾಗಾಗಿ ನಿಮಗೆ ಆ ದಾರಿ ಹೇಳುವುದಿಲ್ಲ.

ನಮ್ಮ ಲೈನಿಗೆ ಸರಿಹೋಗುವುದು 1:87 ಸ್ಕೇಲು, 12 ಮಿ.ಮೀ. ಹಳಿ. ಹನ್ನೊಂದೂವರೆಗಿಂತ ಅರ್ಧ ಮಿಲಿಮೀಟರ್ ಮಾತ್ರ ಜಾಸ್ತಿ. ಇದಕ್ಕೆ ಎಚ್‌ಒಎಂ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಬೆಟ್ಟದ ರೈಲುಗಳನ್ನು ಮಾಡುವವರು ಜಾಸ್ತಿ ಬಳಸುವುದು ಇದನ್ನೇ. ಪೆಕೋ ಕಂಪನಿಯ 12 ಮಿ.ಮೀ. ಬಾಗುವ ಹಳಿ ಸಿಗುತ್ತದೆ, ತರಿಸಿಕೊಳ್ಳಬೇಕು, ಬೆಲೆ ಜಾಸ್ತಿ. ಟಿಟಿ ಅನ್ನುವ ಇನ್ನೊಂದು ಮಾದರಿ ಸ್ಕೇಲಿನ ಹಳಿಯೂ 12 ಮಿ.ಮೀ. ಅಂತ ಯಾರಾದರೂ ಹೇಳಿದರೆ ಹುಷಾರು. ಅಗಲ ಸರಿ ಇದೆ, ಆದರೆ ಅದರ ಸ್ಲೀಪರ್‌ಗಳು 1:120ರ ಲೆಕ್ಕದವು. ಒತ್ತೊತ್ತಾಗಿರುತ್ತವೆ. ಟಿಟಿಯಿಂದ ತೆಗೆದುಕೊಳ್ಳಬೇಕಾದ್ದು ಚಕ್ರ ಮತ್ತು ಮೋಟಾರಿನ ಚಾಸಿ, ಅಂದರೆ ಮೋಟಾರು ಕೂತ ತಳ. 2022ರಲ್ಲಿ ಹಾರ್ನ್‌ಬಿ ಕಂಪನಿ ಕೂಡ ಟಿಟಿ ಶುರು ಮಾಡಿತು, ಹಾಗಾಗಿ 12 ಮಿ.ಮೀ. ಚಾಸಿಗೆ ಇನ್ನೊಂದು ದಾರಿ ಇದೆ. ಅದರ ಮೇಲೆ ನಿಮ್ಮ ಡಬ್ಬಿಯನ್ನು ಕೂರಿಸಿ.

ನಾನು ಎರಡನೇ ಸಲ ಹಳಿಯನ್ನೇ ಕೈಯಲ್ಲಿ ಮಾಡಿದೆ. ನೀವೂ ಹಾಗೇ ಮಾಡಿ ಅನ್ನುತ್ತೇನೆ. ಕೇಳಲು ಕಷ್ಟ ಅನ್ನಿಸುತ್ತದೆ, ಮಾಡಲು ತಾಳ್ಮೆ ಒಂದಿದ್ದರೆ ಆಗುತ್ತದೆ. ಮೀಟರ್ ಗೇಜ್ ಮರದ ಸ್ಲೀಪರ್ ಉದ್ದ 1.83 ಮೀಟರ್, ಅಗಲ ಸುಮಾರು 20 ಸೆಂ.ಮೀ. ನಮ್ಮ ಸ್ಕೇಲಿನಲ್ಲಿ 21 ಮಿ.ಮೀ. ಉದ್ದ, 2.3 ಮಿ.ಮೀ. ಅಗಲ. ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಎಂಟೂವರೆ ಮಿ.ಮೀ. ಇಡಿ. ತಾಮ್ರದ ಪದರ ಇರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಹಲಗೆ ತಂದು ಈ ಅಳತೆಗೆ ಪಟ್ಟಿ ಕತ್ತರಿಸಿ. ಐದಕ್ಕೊಂದು ಪಿಸಿಬಿ ಪಟ್ಟಿ, ಉಳಿದವು ಮರದ ಕಡ್ಡಿ. ಪ್ರತಿ ಪಿಸಿಬಿ ಪಟ್ಟಿಯ ನಡುವೆ ತಾಮ್ರವನ್ನು ಅರದಿಂದ ಉಜ್ಜಿ ತೆಗೆಯಲೇಬೇಕು. ಇಲ್ಲವಾದರೆ ಎರಡೂ ಹಳಿ ಸೇರಿ ಶಾರ್ಟ್ ಆಗುತ್ತದೆ. ಕಾಗದದ ಮೇಲೆ ಗೆರೆ ಹಾಕಿ, ಪಟ್ಟಿಗಳನ್ನು ಜೋಡಿಸಿ, ಒಂದು ಬದಿಯ ಹಳಿಯನ್ನು ಪೂರ್ತಿ ನೇರವಾಗಿ ಬೆಸುಗೆ ಹಾಕಿ. ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ಉದ್ದಕ್ಕೂ ನೋಡಿ, ಎಲ್ಲಿ ಅಲುಗಿದೆ ಅಂತ ಆಗಲೇ ಕಾಣುತ್ತದೆ. ಅದು ನೇರ ಆದ ಮೇಲೆ ಎರಡನೇ ಹಳಿ. ಪ್ರತಿ ಬೆಸುಗೆಗೂ ವರ್ನಿಯರ್ ಕ್ಯಾಲಿಪರ್ ಹಾಕಿ 12 ಇದೆಯಾ ನೋಡಿ, ಮುಂದಕ್ಕೆ ಹೋಗಿ.

ಹಳಿಯ ಎತ್ತರವೂ ನೋಡಿ. ಎಷ್ಟೋ ಸ್ಟಾರ್ಟರ್ ಸೆಟ್‌ಗಳಲ್ಲಿ ಬರುವುದು ಕೋಡ್ 100, ಅಂದರೆ 2.54 ಮಿ.ಮೀ. ಎತ್ತರ. 87ರಿಂದ ಗುಣಿಸಿದರೆ 22 ಸೆಂ.ಮೀ. ಎತ್ತರದ ಹಳಿ! ಈಗಿನ ಬ್ರಾಡ್ ಗೇಜಿನ, ಮೀಟರಿಗೆ 60 ಕೆ.ಜಿ. ತೂಗುವ ಹಳಿಯೇ 17.2 ಸೆಂ.ಮೀ. ಹಳೇ ಮೀಟರ್ ಗೇಜಿನ, ಗಜಕ್ಕೆ 60 ಪೌಂಡಿನ ಹಳಿ ಹನ್ನೊಂದೂವರೆ ಸೆಂ.ಮೀ. ಆಸುಪಾಸು. ಅದಕ್ಕೆ ಕೋಡ್ 55, ಅಂದರೆ 1.4 ಮಿ.ಮೀ. ಎತ್ತರದ್ದು, ಹತ್ತಿರದ್ದು. ನಿಕಲ್ ಸಿಲ್ವರ್ ಹಳಿಯನ್ನೇ ತೆಗೆದುಕೊಳ್ಳಿ. ಉಕ್ಕಿನದು ನಮ್ಮ ಜುಲೈ ತಿಂಗಳಿಗೆ ತಡೆಯುವುದಿಲ್ಲ, ತುಕ್ಕು ಹಿಡಿಯುತ್ತದೆ.

ಮಳೆಯ ಮಾತು ಬಂತಲ್ಲ, ಸಾಗರ ಪಟ್ಟಣದಲ್ಲಿ ಕೂತು ಮಾಡುವವರು ಇದನ್ನು ಮರೆಯಬಾರದು. ಹಳಿ ಸೊಟ್ಟಗಾದರೆ ಎಲ್ಲರೂ ಬಿಸಿಲಿಗೆ ಹಿಗ್ಗಿತು ಅನ್ನುತ್ತಾರೆ. ಒಂದು ಮೀಟರ್ ಹಳಿ ಇಪ್ಪತ್ತು ಡಿಗ್ರಿ ಬಿಸಿಯಾದರೆ ಹಿಗ್ಗುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಜಾಸ್ತಿ ಓಡಾಡುವುದು ಕೆಳಗಿನ ಮರ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಮಾರ್ಚಿನಲ್ಲಿ ಒಣಗಿ ಕುಗ್ಗುತ್ತದೆ, ಆಗ ಹಳಿಗಳು ಒಂದನ್ನೊಂದು ನೂಕುತ್ತವೆ. ಹಾಗಾಗಿ ಆಗಸ್ಟಿನಲ್ಲಿ ಹಾಸುವುದಾದರೆ ಜೋಡಣೆಯಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪಕ್ಕಿಂತ ತುಸು ಹೆಚ್ಚೇ ಜಾಗ ಬಿಡಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಐಎಸ್ 710 ಗುರುತಿನ ಮೆರೀನ್ ಪ್ಲೈ ತಂದು, ಮೇಲೆ, ಕೆಳಗೆ, ಅಂಚಿಗೆ ಎಲ್ಲ ಕಡೆ ಬಣ್ಣ ಬಳಿಯಿರಿ. ಕೆಳಬದಿ ಬಿಟ್ಟರೆ ಅಲ್ಲಿಂದಲೇ ತೇವ ಹತ್ತುತ್ತದೆ. ಹುಲ್ಲು ಮಾಡಲು ಮರದ ಪುಡಿ ಅಂಟಿಸಬೇಡಿ, ಬೂಷ್ಟು ಬರುತ್ತದೆ. ನಮ್ಮ ಕೆಂಪು ಮಣ್ಣನ್ನು ಜರಡಿ ಹಿಡಿದು ಬಳಸಿದರೆ ಬಣ್ಣ ತಾನೇ ತಾನಾಗಿ ಸರಿಬರುತ್ತದೆ. ಆದರೆ ಮೊದಲು ಅದರೊಳಗೆ ಅಯಸ್ಕಾಂತ ಆಡಿಸಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಕಣ ಇರುತ್ತವೆ, ಅಯಸ್ಕಾಂತಕ್ಕೆ ಮೀಸೆಯ ಹಾಗೆ ಅಂಟುತ್ತವೆ. ಅವು ಎಂಜಿನ್ನಿನ ಮೋಟಾರಿಗೆ ಸೇರಿದರೆ ಮೋಟಾರು ಹಾಳು.

ಅಂಟು ಈಗ ನಾನು ಬಳಸುವುದು ಸಾಧಾರಣ ಬಿಳಿ ಗೋಂದು. ಹಲಗೆಗೆ ಬಣ್ಣ ಇದ್ದರೆ ಅದೇ ಸಾಕು, ಬೇಕಾದಾಗ ಬಿಚ್ಚಬಹುದು.

ಕಿಟ್ ಬಗ್ಗೆ ಒಂದೇ ಮಾತು. ತಾಳಗುಪ್ಪ ಲೈನಿನ ಡಬ್ಬಿ ಕಿಟ್ಟಾಗಿ ಬರಲಿ ಅಂತ ಕಾಯಬೇಡಿ. ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 1979ರಿಂದ ಇದೆ, ಮೀಟರ್ ಗೇಜ್ ಎಂಜಿನ್‌ಗಳ ಪಕ್ಕದಲ್ಲೇ ನಿಂತು ನೋಡಬಹುದು. ಎಂಜಿನ್ ಎದುರಿಗೆ ನಿಂತು ಫೋಟೋ ತೆಗೆಯಿರಿ, ಆ ಚಾಚು ಗೊತ್ತಾಗುವುದು ಎದುರಿನಿಂದ. ಬದಿಯ ಫೋಟೋ ಎಲ್ಲರೂ ತೆಗೆಯುತ್ತಾರೆ. ಡಬ್ಬಿಗೆ ಒಂದು ಮಿ.ಮೀ. ಪ್ಲಾಸ್ಟಿಕ್ ಶೀಟ್ ಸಾಕು.

ಇಡೀ ಲೈನು ಮಾಡುವ ಯೋಚನೆ ಬಿಡಿ. ಈ ಸ್ಕೇಲಿನಲ್ಲಿ ಒಂದು ಕಿಲೋಮೀಟರಿಗೇ ಹನ್ನೊಂದೂವರೆ ಮೀಟರ್ ಜಾಗ ಬೇಕು. ಒಂದು ಸ್ಟೇಷನ್ ಆರಿಸಿ, ಅದರ ಎರಡು ಪಾಯಿಂಟ್, ಒಂದು ಲೂಪ್ ಲೈನ್ (ಪಕ್ಕಕ್ಕೆ ಹೋಗಿ ಮತ್ತೆ ಸೇರುವ ಹಳಿ), ಪ್ಲಾಟ್‌ಫಾರ್ಮ್, ಆಚೀಚೆ ಒಂದಿಷ್ಟು ಕಾಡು, ಅಷ್ಟನ್ನು ಮನಸ್ಸಿಟ್ಟು ಮಾಡಿ. ಮಂಗಳೂರು ಹೆಂಚು ಒಂದು 5 ಮಿ.ಮೀ.ಗಿಂತ ಕಡಿಮೆ ಬರುತ್ತದೆ. ಒಂದು ಮಾಡು ಹೊದಿಸುವುದಕ್ಕೇ ನಿಮಗೆ ಬೇಕಾದಷ್ಟು ಕೆಲಸ ಇದೆ.

ಏನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ರಟ್ಟಿನಲ್ಲಿ 31.5 ಮಿ.ಮೀ. ಅಗಲದ ಡಬ್ಬಿಯ ಮುಖ ಕತ್ತರಿಸಿ. ಒಂದು ಹಾಳೆಯ ಮೇಲೆ 12 ಮಿ.ಮೀ. ಅಂತರದಲ್ಲಿ ಎರಡು ಗೆರೆ, ಇನ್ನೊಂದರ ಮೇಲೆ 16.5ರ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ರಟ್ಟನ್ನು ಎರಡರ ಮೇಲೂ ನಿಲ್ಲಿಸಿ, ಆ ಲೈನಿನಲ್ಲಿ ಓಡಾಡಿದ ನಿಮ್ಮ ಮನೆಯ ಹಿರಿಯರನ್ನು ಕರೆದು ಯಾವುದು ನಮ್ಮ ರೈಲು ಅಂತ ಕೇಳಿ. ಯಾವ ಸ್ಟೇಷನ್ ಮಾಡುತ್ತೀರಿ ಅಂತಲೂ ಇಲ್ಲಿ ಬರೆಯಿರಿ. ಆನಂದಪುರವೇ ಆದರೆ ನನ್ನ ಪ್ಲಾಟ್‌ಫಾರ್ಮ್ ಮತ್ತು ಮಾಡಿನ ಅಳತೆಗಳು ಬರೆದಿಟ್ಟದ್ದು ಇವೆ, ಕೊಡುತ್ತೇನೆ.