ಹಳೆಯ ಉಗಿ ಎಂಜಿನ್‌ಗಳ ಗಂಟೆ, ಹಿತ್ತಾಳೆ ಸಾಮಾನು ಎಲ್ಲ ಎಲ್ಲಿಗೆ ಹೋದವು?

ಉಡುಪಿ ಹತ್ತಿರದ ನಿಮ್ಮ ಅಜ್ಜನ ಮನೆಯ ಜಗಲಿಯಲ್ಲಿ ಒಂದು ಭಾರದ ಗಂಟೆ ಇದೆ, ಅದು ರೈಲು ಎಂಜಿನ್‌ನದು ಅಂತ ಮನೆಯವರೆಲ್ಲ ಹೇಳುತ್ತಾರೆ, ಅದು ನಿಜವಾ ಅಂತ ಕೇಳಿದ್ದೀರಿ. ಜೊತೆಗೆ ನಿಂತುಹೋದ ಉಗಿ ಎಂಜಿನ್‌ಗಳ ಗಂಟೆ, ವಿಸಿಲ್, ಮೀಟರ್‌ಗಳೆಲ್ಲ ಏನಾದವು ಅಂತಲೂ ಕೇಳಿದ್ದೀರಿ. ನನ್ನ ಅಪ್ಪ ಮಂಗಳೂರು–ಶೊರನೂರು ದಾರಿಯಲ್ಲಿ ಎಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್ ಆಗಿದ್ದರು. ನಾನು ಮಂಗಳೂರಿನ ಒಂದು ಎರಕದ ಕಾರ್ಖಾನೆಯಲ್ಲಿ 28 ವರ್ಷ ಹಿತ್ತಾಳೆ, ಗನ್‌ಮೆಟಲ್ (ತಾಮ್ರಕ್ಕೆ ತವರ ಬೆರೆಸಿದ ಲೋಹ) ಕರಗಿಸಿದವನು. ಅಪ್ಪ ಬಳಸಿದ ಸಾಮಾನುಗಳೇ ಮುಂದೆ ನನ್ನ ಒಲೆಗೆ ಬಂದವು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಬಹುದು.

ಮೊದಲು ಗಂಟೆಯ ವಿಷಯ ಹೇಳುತ್ತೇನೆ. ನಮ್ಮ ದೇಶದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಗಂಟೆ ಇರುತ್ತಲೇ ಇರಲಿಲ್ಲ. ಇಲ್ಲಿನ ರೈಲ್ವೆ ಬೆಳೆದದ್ದು ಇಂಗ್ಲೆಂಡಿನ ಪದ್ಧತಿಯಲ್ಲಿ. ಅಲ್ಲಿ ಹಳಿಯ ಎರಡೂ ಬದಿಗೆ ಬೇಲಿ, ಗೇಟಿಗೆ ಕಾವಲುಗಾರ. ಎಚ್ಚರಿಕೆಗೆ ವಿಸಿಲ್ ಸಾಕಿತ್ತು. ಬಾಯ್ಲರ್ ಮೇಲೆ ಗಂಟೆ ತೂಗುತ್ತಿದ್ದದ್ದು ಅಮೆರಿಕದಲ್ಲಿ. ಅಲ್ಲಿ ಹಳಿಗಳು ಊರಿನ ಬೀದಿ ನಡುವೆಯೇ ಹಾದುಹೋಗುತ್ತಿದ್ದವು, ಎಷ್ಟೋ ಕಡೆ ಗೇಟೂ ಇರಲಿಲ್ಲ. ರಸ್ತೆ ದಾಟುವಾಗ, ಯಾರ್ಡಿನಲ್ಲಿ ಹೊರಡುವಾಗ ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದರು. 1950ರ ದಶಕದಲ್ಲಿ ಅಲ್ಲಿ ಡೀಸೆಲ್ ಬಂದು ಉಗಿ ಎಂಜಿನ್‌ಗಳು ಗುಜರಿಗೆ ಹೋದಾಗ ಗಂಟೆಗಳನ್ನು ಬಿಚ್ಚಿ ಊರಿನ ಚರ್ಚಿಗೆ, ಶಾಲೆಗೆ ಕೊಟ್ಟ ಉದಾಹರಣೆಗಳು ಬಹಳ ಇವೆ. ಈಗಲೂ ಭಾನುವಾರ ಎಂಜಿನ್ ಗಂಟೆ ಬಾರಿಸುವ ಚರ್ಚುಗಳು ಅಲ್ಲಿವೆ.

ನಮ್ಮಲ್ಲಿ ಗಂಟೆ ಇದ್ದದ್ದು ಸ್ಟೇಷನ್ನಿನಲ್ಲಿ. ಎಷ್ಟೋ ಸ್ಟೇಷನ್‌ಗಳಲ್ಲಿ ಅದೂ ನಿಜವಾದ ಗಂಟೆ ಅಲ್ಲ. ಒಂದು ಮೊಳದ ಹಳಿ ತುಂಡನ್ನು ತೂಗುಹಾಕಿ ಕಬ್ಬಿಣದ ಸರಳಿನಿಂದ ಬಡಿಯುತ್ತಿದ್ದರು. ನಮ್ಮ ಶಾಲೆಯಲ್ಲೂ ಅಂಥದ್ದೇ ತುಂಡು ಇತ್ತು, ನಿಮ್ಮ ಶಾಲೆಯಲ್ಲೂ ಇದ್ದಿರಬಹುದು ಅಲ್ವಾ? ಹಾಗಾಗಿ ನಿಮ್ಮ ಅಜ್ಜ ರೈಲ್ವೆಯಲ್ಲಿ ಇದ್ದರು ಅಂದರೆ ಅದು ಸ್ಟೇಷನ್ ಗಂಟೆ ಆಗಿರುವ ಸಾಧ್ಯತೆ ಜಾಸ್ತಿ. ನಮ್ಮದು ಬಂದರಿನ ಊರು, ಹಡಗಿನ ಗಂಟೆಯೂ ಆಗಿರಬಹುದು. ಮನೆಯವರು ಸುಳ್ಳು ಹೇಳಿದರು ಅಂತ ಅಂದುಕೊಳ್ಳಬೇಡಿ. ಉಡುಪಿಗೆ ರೈಲು ಬಂದದ್ದೇ 1993ರಲ್ಲಿ. ಅದಕ್ಕೆ ಮೊದಲು ಆ ಕಡೆಯವರು ರೈಲು ನೋಡಬೇಕಾದರೆ ಮಂಗಳೂರಿಗೇ ಬರಬೇಕಿತ್ತು. ಆ ಕಾಲದಲ್ಲಿ ರೈಲ್ವೆಯ ಒಂದು ವಸ್ತು ಮನೆಗೆ ಬಂದರೆ ಅದು 'ಎಂಜಿನ್‌ನದು' ಆಗುವುದು ಸಹಜ.

ಇನ್ನು ಉಳಿದ ಸಾಮಾನುಗಳು. ಹೊರಗಿನಿಂದ ನೋಡಿದರೆ ಉಗಿ ಎಂಜಿನ್ ಅಂದರೆ ಬರೀ ಕಬ್ಬಿಣ. ಒಳಗೆ ಹಾಗಲ್ಲ. ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ ಕೆಳಗೆ ಕೂರುವ ಕಾಕ್ ಅನ್ನುವ ಪುಟ್ಟ ನಲ್ಲಿಗಳು, ಎಣ್ಣೆ ಹನಿಸುವ ಲೂಬ್ರಿಕೇಟರ್, ವಿಸಿಲ್, ಉಗಿಯ ಒತ್ತಡದ ಮೀಟರಿನ ಸುತ್ತಿನ ಬಳೆ, ನಂಬರ್ ಪ್ಲೇಟು, ತಯಾರಿಸಿದ ಕಂಪನಿಯ ಪ್ಲೇಟು, ಇವೆಲ್ಲ ಹಿತ್ತಾಳೆ ಅಥವಾ ಗನ್‌ಮೆಟಲ್. ಚಕ್ರದ ಅಚ್ಚಿನ ಮೇಲೆ ಕೂರುವ ಬೇರಿಂಗ್‌ಗಳು ಇನ್ನೂ ಭಾರ, ಒಬ್ಬರಿಂದ ಎತ್ತಲು ಕಷ್ಟ. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಎಂಜಿನ್‌ಗಳಲ್ಲಿ ಬೆಂಕಿ ಉರಿಯುವ ಪೆಟ್ಟಿಗೆಯ ಒಳಗೋಡೆಯೇ ತಾಮ್ರದ್ದು. ಇಷ್ಟು ತಾಮ್ರ, ತವರ ಇರುವ ವಸ್ತುವನ್ನು ಯಾರೂ ಸುಮ್ನೆ ಬಿಡುವುದಿಲ್ಲ.

ಒಂದು ಎಂಜಿನ್ ನಿಂತಿತು ಅಂದರೆ ಅದರ ಒಳ್ಳೆಯ ಭಾಗಗಳು ಮೊದಲು ಇನ್ನೂ ಓಡುತ್ತಿರುವ ಎಂಜಿನ್‌ಗೆ ಹೋಗುತ್ತಿದ್ದವು. ಹೊಸ ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಚಿತ್ತರಂಜನ್ ಕಾರ್ಖಾನೆಯಲ್ಲಿ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ ತಯಾರಾದದ್ದು 1970ರಲ್ಲಿ, ಹೆಸರು ಅಂತಿಮ್ ಸಿತಾರಾ. ದೇಶದ ಬ್ರಾಡ್‌ಗೇಜಿನಲ್ಲಿ ದಿನನಿತ್ಯದ ಓಡಾಟಕ್ಕೆ ಉಗಿ ಎಂಜಿನ್ ಇದ್ದದ್ದು ಮಾತ್ರ 1995ರ ಡಿಸೆಂಬರ್‌ವರೆಗೆ. ನಡುವಿನ 25 ವರ್ಷ ಒಂದರ ಇಂಜೆಕ್ಟರ್ ಇನ್ನೊಂದಕ್ಕೆ, ಇನ್ನೊಂದರ ವಿಸಿಲ್ ಮತ್ತೊಂದಕ್ಕೆ ಹಾಕಿ ಓಡಿಸಿದರು. ಉಳಿದದ್ದನ್ನು ಬಿಚ್ಚಿ, ಲೋಹ ಬೇರೆ ಬೇರೆ ಮಾಡಿ, ತೂಕದ ಲೆಕ್ಕದಲ್ಲಿ ಹರಾಜು ಹಾಕುತ್ತಿದ್ದರು. ಕಬ್ಬಿಣ ಉಕ್ಕಿನ ಕುಲುಮೆಗೆ. ಹಿತ್ತಾಳೆ, ಗನ್‌ಮೆಟಲ್ ನಮ್ಮಂಥ ಎರಕದವರ ಹತ್ತಿರಕ್ಕೆ.

ನಮ್ಮ ಕಾರ್ಖಾನೆಗೆ ಅಂಥ ಗೋಣಿಗಳು ಗುಜರಿಯವರ ಲಾರಿಯಲ್ಲಿ ಬರುತ್ತಿದ್ದವು. ಸುರಿದರೆ ನೆಲದ ಮೇಲೆ ಕಾಕ್, ವಾಲ್ವ್, ಒಡೆದ ಬೇರಿಂಗ್, ಎಣ್ಣೆ ಕುಡಿದು ಕಪ್ಪಾದ ತುಂಡುಗಳು. ಮೊದಲು ವಿಂಗಡಿಸಬೇಕು. ಹಿತ್ತಾಳೆಯಲ್ಲಿ ಸತು ಜಾಸ್ತಿ. ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಪಾತ್ರೆಯಲ್ಲಿ, ಕಾದಾಗ ಸತು ಬೆಳ್ಳಗೆ ಹೊಗೆಯಾಗಿ ಏಳುತ್ತದೆ, ಹತ್ತಿಯ ಎಳೆಯಂತೆ ಹಾರಿ ಮೈಮೇಲೆ ಕೂರುತ್ತದೆ. ಗನ್‌ಮೆಟಲ್‌ನಲ್ಲಿ ನೂರಕ್ಕೆ 88 ಭಾಗ ತಾಮ್ರ, 10 ಭಾಗ ತವರ, ಸತು ಎರಡೇ ಭಾಗ. ಅದು ಸಮಾಧಾನವಾಗಿ ಕರಗುತ್ತದೆ. ಗಂಟೆಯ ಕಂಚಿಗೆ ತವರ ಇನ್ನೂ ಬೇಕು, ನೂರಕ್ಕೆ ಸುಮಾರು 22 ಭಾಗ. ತವರ ಜಾಸ್ತಿಯಾದಷ್ಟೂ ಲೋಹ ಗಟ್ಟಿಯಾಗುತ್ತದೆ, ನಾದ ಉದ್ದ ಬರುತ್ತದೆ, ಆದರೆ ಬಿದ್ದರೆ ಬಿರುಕು ಬಿಡುತ್ತದೆ.

ದೇವಸ್ಥಾನದಿಂದ ಗಂಟೆಗೆ ಆರ್ಡರ್ ಬಂದಾಗ ನಾವು ಒಳ್ಳೆಯ ಗನ್‌ಮೆಟಲ್ ಆರಿಸಿ, ಅದಕ್ಕೆ ತವರ ಸೇರಿಸಿ ಎರಕ ಹೊಯ್ಯುತ್ತಿದ್ದೆವು. ಅಂದರೆ ಗಂಟೆಯೇ ಇಲ್ಲದ ಎಂಜಿನ್‌ಗಳಿಂದ ನಾನು ಕೈಯಾರೆ ಗಂಟೆ ಮಾಡಿದ್ದೇನೆ. ಕಾಲುದೀಪ, ನಲ್ಲಿ, ಪಂಪಿನ ಭಾಗಗಳನ್ನೂ ಮಾಡಿದ್ದೇನೆ. ಯಾವುದು ಯಾವ ಊರಿಗೆ ಹೋಯಿತು ಅಂತ ಲೆಕ್ಕ ಇಟ್ಟಿಲ್ಲ. ದೇವಸ್ಥಾನಕ್ಕೆ ಹೋಗಿ ಗಂಟೆ ಬಾರಿಸುವಾಗ ಈ ಯೋಚನೆ ಬಂದೇ ಬರುತ್ತದೆ.

ಒಂದು ಸಲ ಗೋಣಿಯಲ್ಲಿ ಎಂಜಿನ್‌ನ ನಂಬರ್ ಪ್ಲೇಟ್ ಬಂತು. ಎರಡು ತುಂಡಾಗಿತ್ತು, ಆದರೆ ಅಂಕಿಗಳೆಲ್ಲ ಸರಿ ಇದ್ದವು. ಆಗ ನಾನು ಹೊಸಬ. ಮೇಸ್ತ್ರಿ ಹಾಕು ಅಂದರು, ಮೂಸೆಗೆ ಹಾಕಿದೆ. ಆ ನಂಬರನ್ನು ಒಂದು ಚೀಟಿಯಲ್ಲಾದರೂ ಬರೆದುಕೊಳ್ಳಲಿಲ್ಲ. ಮೂಸೆಯೊಳಗೆ ಅಂಕಿಗಳು ಕೆಂಪಾಗಿ, ಅಂಚು ಮೆತ್ತಗಾಗಿ ಇಳಿದುಹೋದದ್ದು ಈಗಲೂ ಕಣ್ಣಮುಂದೆ ಇದೆ. ನಂಬರ್ ಗೊತ್ತಿದ್ದರೆ ಆ ಎಂಜಿನ್ ಎಲ್ಲಿ ತಯಾರಾಯಿತು, ಯಾವ ವರ್ಷ ಅಂತ ಹುಡುಕಬಹುದಿತ್ತು. ಅಪ್ಪ ಅದರಲ್ಲಿ ಕಲ್ಲಿದ್ದಲು ಹಾಕಿದ್ದರೋ ಏನೋ. ತುಂಬಾ ಬೇಸರ ಇದೆ ನನಗೆ.

ಆಮೇಲೆ ಬಂದ ಒಂದು ಕಾಕ್ ಅನ್ನು ಮಾತ್ರ ತೂಕದ ದುಡ್ಡು ಕೊಟ್ಟು ಮನೆಗೆ ತಂದೆ. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ, 'ಇದು ನೀರಿನ ಗಾಜಿನ ಕೆಳಗಿನದ್ದು' ಅಂದರು. ಗಾಜಿನಲ್ಲಿ ನೀರು ಕಾಣದಿದ್ದರೆ ಏನಾಗುತ್ತದೆ ಅಂತ ಅವತ್ತು ಬಿಡಿಸಿ ಹೇಳಿದರು. ಬೆಂಕಿ ಪೆಟ್ಟಿಗೆಯ ತಲೆ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಇಳಿದು ತಲೆ ಒಣಗಿದರೆ ಅಲ್ಲಿರುವ ಲೆಡ್ ಪ್ಲಗ್‌ನ ಸೀಸ ಕರಗುತ್ತದೆ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಆಗ ಬೆಂಕಿ ಕೆಡವಬೇಕು, ಇಲ್ಲದಿದ್ದರೆ ಬಾಯ್ಲರೇ ಸಿಡಿಯಬಹುದು. ಅಂಗೈಯಷ್ಟೇ ಇರುವ ಆ ಕಾಕ್ ಮೇಲೆ ಇಬ್ಬರು ಮೂವರ ಜೀವ ನಿಂತಿತ್ತು.

ಹಾಗಂತ ಎಲ್ಲವೂ ಕರಗಿಹೋಗಿಲ್ಲ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ದೆಹಲಿಯಲ್ಲಿ ರಾಷ್ಟ್ರೀಯ ರೈಲು ಮ್ಯೂಸಿಯಂ ಇದೆ. ಹರಿಯಾಣದ ರೇವಾರಿ ಶೆಡ್ಡಿನಲ್ಲಿ ಈಗಲೂ ಬೆಂಕಿ ಹಾಕಿ ಓಡಿಸುವ ಎಂಜಿನ್‌ಗಳಿವೆ. ಸ್ಟೇಷನ್ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿದ ಎಂಜಿನ್ ಎಲ್ಲಾದರೂ ಸಿಕ್ಕಿದರೆ ಒಳಗೆ ಇಣುಕಿ ನೋಡಿ. ಎಷ್ಟೋ ಕಡೆ ಮೀಟರ್ ಇದ್ದ ಜಾಗದಲ್ಲಿ ತೂತು ಮಾತ್ರ ಇರುತ್ತದೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಬ್ಯಾರಿ ಅಂತ ಊರಿದೆ. ಅಲ್ಲಿನ ಒಂದು ಗುಜರಿ ಅಂಗಳದಿಂದ 213 ಎಂಜಿನ್‌ಗಳನ್ನು ಆಸಕ್ತರು ಬಿಡಿಸಿಕೊಂಡು ಹೋದರು. ಅವುಗಳ ಹಿತ್ತಾಳೆ ಭಾಗಗಳು ಬಹಳಷ್ಟು ಕಾಣೆಯಾಗಿದ್ದವು. ಹೊಸದಾಗಿ ಎರಕ ಹೊಯ್ಯಿಸಿ ಜೋಡಿಸಬೇಕಾಯಿತು.

ಈಗ ನಿಮ್ಮ ಗಂಟೆಗೆ ಬರುತ್ತೇನೆ. ದಯವಿಟ್ಟು ಅದನ್ನು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಮರಳು ಕಾಗದವಂತೂ ಬೇಡವೇ ಬೇಡ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಹೆಗಲಿನ ಸುತ್ತ ಮತ್ತು ಬಾಯಿಯ ಒಳ ಅಂಚಿನಲ್ಲಿ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಸವೆದ ಅಕ್ಷರಗಳಿದ್ದರೆ ಕಾಣಿಸುತ್ತವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮದ್ರಾಸ್ ರೈಲ್ವೆಯ ಕಾಲ. ಮರುವರ್ಷ ಈ ದಾರಿ ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು. 1951ರಲ್ಲಿ ಸದರ್ನ್ ರೈಲ್ವೆ ಆಯಿತು. ಹಾಗಾಗಿ ಇಂಗ್ಲಿಷಿನಲ್ಲಿ ಎಸ್‌.ಐ.ಆರ್. ಅಂತ ಇದ್ದರೆ 1951ಕ್ಕಿಂತ ಹಿಂದಿನದು. ಬರೀ ಎಸ್‌.ಆರ್. ಅಂದರೆ ಆಮೇಲಿನದು ಇರಬೇಕು. ಹಡಗಿನದಾದರೆ ಸಾಮಾನ್ಯವಾಗಿ ಹಡಗಿನ ಹೆಸರು, ಕೆಲವೊಮ್ಮೆ ವರ್ಷವೂ ಕೊರೆದಿರುತ್ತದೆ.

ಅಜ್ಜನ ಪೆಟ್ಟಿಗೆಯಲ್ಲಿ ಹರಾಜಿನ ರಶೀದಿ, ನಿವೃತ್ತಿ ಸಮಯದ ಪತ್ರ ಏನಾದರೂ ಇದ್ದರೆ ಗಂಟೆಯ ಜೊತೆಗೇ ಜೋಪಾನ ಮಾಡಿ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಬಗ್ಗೆ 1966ರ ಕಾನೂನು ಇದೆ. ಕೊಂಡದ್ದು ಅಥವಾ ಕೊಟ್ಟದ್ದು ಅನ್ನುವ ಕಾಗದ ಇದ್ದರೆ ನಾಳೆ ಮ್ಯೂಸಿಯಂಗೆ ಕೊಡುವಾಗಲೂ ಅನುಕೂಲ.

ಕೊನೆಗೆ ಮರದ ಕೊಡತಿಯಿಂದ ಒಂದೇ ಪೆಟ್ಟು ಮೆಲ್ಲಗೆ ಹೊಡೆದು ನೋಡಿ. ನಾದ ತುಂಬಾ ಹೊತ್ತು ನಿಂತರೆ ಅದು ಕಂಚು, ಬೇಗ ಸತ್ತರೆ ಹಿತ್ತಾಳೆ ಇರಬಹುದು ಅಥವಾ ಎಲ್ಲೋ ಬಿರುಕು ಬಿಟ್ಟಿರಬಹುದು. ಅಕ್ಷರ ಕಂಡರೆ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.