ಮೈಕೀಸ್‌ಫೊಂಟೇನ್‌ನಲ್ಲಿ ಅಷ್ಟು ದೊಡ್ಡ ಹೋಟೆಲ್ ಯಾಕೆ?

ದಕ್ಷಿಣ ಆಫ್ರಿಕಾದ ಕರೂ ಅನ್ನೋ ಒಣ ಬಯಲಲ್ಲಿ, ಒಂದೇ ಬೀದಿ ಇರೋ ಊರಿಗೆ ಗೋಪುರದ ಹೋಟೆಲ್ ಯಾಕೆ ಬಂತು ಅಂತ ಕೇಳಿದ್ರಲ್ಲ, ಎಲ್ಲಾ ರೈಲಿನ ಮಹಿಮೆ ಸಾರ್. ಆಗ ಅಲ್ಲಿನ ಕೇಪ್ ಪ್ರಾಂತ್ಯದ ರೈಲುಗಳಲ್ಲಿ ಊಟದ ಬೋಗಿ ಇರ್ಲಿಲ್ಲ, ಹಸಿದವರು ಸ್ಟೇಷನ್‌ನಲ್ಲೇ ಇಳಿದು ತಿನ್ಬೇಕು, ಅದನ್ನ ಹಿಡ್ಕೊಂಡೇ ಜೇಮ್ಸ್ ಲೋಗನ್ ಅನ್ನೋ ಸ್ಕಾಟ್‌ಲ್ಯಾಂಡಿನವನು 1880ರ ದಶಕದಲ್ಲಿ ಊರನ್ನೇ ಕಟ್ಬಿಟ್ಟ. ಒಣಹವೆ ಎದೆರೋಗಕ್ಕೆ ಒಳ್ಳೇದು ಅಂತ ದುಡ್ಡಿದ್ದವ್ರೂ ಬರೋಕೆ ಶುರು ಮಾಡಿದ್ರು. ಹೋಟೆಲ್ ಆಗಿದ್ದು 1899ರಲ್ಲಿ, ಅಷ್ಟರಲ್ಲೇ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರ್‌ಗಳಿಗೂ ಬೋಯರ್ ಯುದ್ಧ ಬಂತು, ಬ್ರಿಟಿಷ್ ಸೈನ್ಯ ಅಲ್ಲೇ ಬೀಡುಬಿಡ್ತು.

ನಂಗೆ ಕಾಡೋದು ಮಾತ್ರ ಅಲ್ಲಿನ ಸ್ಮಶಾನ. 18 ಟೆಸ್ಟ್‌ನಲ್ಲಿ 112 ವಿಕೆಟ್ ತೆಗೆದ ಇಂಗ್ಲೆಂಡಿನ ಜಾರ್ಜ್ ಲೋಮನ್ ಕ್ಷಯ ವಾಸಿಯಾಗ್ಲಿ ಅಂತ ಆ ಕಡೆ ಹೋದವ್ರು, 1901ರಲ್ಲಿ ಅಲ್ಲೇ ತೀರ್ಕೊಂಡ್ರು, ವಯಸ್ಸು ಬರೀ 36. ಹೋದ್ರೆ ಸಮಾಧಿ ನೋಡ್ಕೊಂಡು ಬನ್ನಿ.